ಸಂಬಳದ ನೆರಳಲ್ಲಿ ಬರೆದವರು

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದುಡಿಯುವ ಮನೆಗಳಲ್ಲಿ ಮಕ್ಕಳು ಬರೆಯುವ ಮೊದಲ ಮಹತ್ವದ ಬರವಣಿಗೆ ಬಹಳ ಸಲ ಒಂದು ಅರ್ಜಿ. ಅಪ್ಪ ಪುಣೆಯಲ್ಲಿ ಬಿಗಾರಿ ಕೆಲಸಕ್ಕೆ ಹೋಗಿರುತ್ತಾನೆ, ಅವ್ವ ಅವನ ಜೊತೆಗೇ ಇಟ್ಟಿಗೆ ಹೊರುತ್ತಿರುತ್ತಾಳೆ. ಊರಲ್ಲಿ ಅಜ್ಜಿಯ ಹತ್ತಿರ ಉಳಿದಿರುವುದು ಏಳನೇ ಇಯತ್ತೆಯ ಹುಡುಗಿ. ರೇಷನ್ ಕಾರ್ಡಿನಲ್ಲಿ ಯಾರದೋ ಹೆಸರು ಬಿಟ್ಟುಹೋಗಿದೆ, ಅಜ್ಜಿಯ ವೃದ್ಧಾಪ್ಯದ ಪಗಾರ ಎರಡು ತಿಂಗಳಿಂದ ಬಂದಿಲ್ಲ, ಬ್ಯಾಂಕಿನವರು ಕೆವೈಸಿ ಕೇಳಿದ್ದಾರೆ. “ಯವ್ವಾ, ಇದರಾಗ ಏನ್ ಬರದಾರ ಓದಿ ಹೇಳು” ಎಂದು ಅಜ್ಜಿ ಕಾಗದ ಮುಂದಿಡುತ್ತಾಳೆ. ಓದಿ ಹೇಳಿದ ಮೇಲೆ ಉತ್ತರ ಬರೆಯುವುದೂ ಅವಳ ಪಾಲಿಗೇ ಬರುತ್ತದೆ. ಒಂದು ಮನೆಯ ಕೆಲಸ ಆಯಿತೆಂದು ಗೊತ್ತಾದರೆ ಓಣಿಯವರೆಲ್ಲ ಕಾಗದ ಹಿಡಿದು ಬರುತ್ತಾರೆ.

ಅರ್ಜಿ ಬರೆಯುವುದು ಸಣ್ಣ ವಿದ್ಯೆಯೇನಲ್ಲ. ಯಾರಿಗೆ, ಎಷ್ಟರಲ್ಲಿ, ಯಾವ ದನಿಯಲ್ಲಿ ಹೇಳಿದರೆ ಮೇಜಿನ ಆಚೆ ಕೂತವರು ತಲೆ ಎತ್ತಿ ನೋಡುತ್ತಾರೆ ಎಂಬ ಅಂದಾಜು ಬೇಕು. ಲಂಬಾಣಿ ತಾಂಡಾಗಳಲ್ಲಿ ಈ ಲೆಕ್ಕ ಇನ್ನೂ ಸಿಕ್ಕುಸಿಕ್ಕು. ಒಂದೇ ಸಮುದಾಯ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ವಿಮುಕ್ತ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಅಪ್ಪನ ಕೂಲಿಯ ಹಿಂದೆ ಮೂರೂ ರಾಜ್ಯ ಸುತ್ತಿದ ಮಗು ಒಂದು ಕಡೆಯ ದಾಖಲೆ ಇನ್ನೊಂದು ಕಡೆ ಯಾಕೆ ನಡೆಯುವುದಿಲ್ಲ ಎಂಬುದನ್ನು ವ್ಯಾಕರಣ ಕಲಿಯುವುದಕ್ಕಿಂತ ಮೊದಲೇ ಕಲಿತಿರುತ್ತದೆ.

2020ರ ಮೇ ತಿಂಗಳಲ್ಲಿ ಈ ವಿದ್ಯೆಗೆ ದೊಡ್ಡ ಪರೀಕ್ಷೆ ಬಂತು. ಕೋವಿಡ್ ಲಾಕ್‌ಡೌನ್‌ನಿಂದ ಮುಂಬೈ, ಠಾಣೆ, ಪುಣೆಗಳಲ್ಲಿ ಸಿಕ್ಕಿಹಾಕಿಕೊಂಡವರು ಊರಿಗೆ ಮರಳಲು ಸೇವಾಸಿಂಧು ಪೋರ್ಟಲ್‌ನಲ್ಲಿ ಹೆಸರು ಬರೆಸಿ ಪಾಸ್ ಪಡೆಯಬೇಕಿತ್ತು. ಮೇ 18ಕ್ಕೆ ರಾಜ್ಯ ಸರ್ಕಾರವು ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲ ಎಂದಿತು. ಆಳಂದ ತಾಲ್ಲೂಕಿನ ಹಿರೋಳಿ ಚೆಕ್‌ಪೋಸ್ಟಿನಲ್ಲಿ ಇವತ್ತು ಬಿಡುತ್ತಾರಂತೆ, ನಾಳೆ ಬಿಡುವುದಿಲ್ಲವಂತೆ ಎಂಬ ಮಾತು ಫೋನಿನಿಂದ ಫೋನಿಗೆ ಹರಿಯುತ್ತಿದ್ದ ದಿನಗಳವು. ಆದೇಶ ಯಾವುದು, ವದಂತಿ ಯಾವುದು ಎಂದು ಬೇರೆ ಮಾಡಿ ಅಪ್ಪ–ಅವ್ವಂದಿರಿಗೆ ತಿಳಿಹೇಳಿದವರಲ್ಲಿ ಹೈಸ್ಕೂಲು, ಪಿಯುಸಿ ಓದುವ ಮಕ್ಕಳೇ ಮುಂದಿದ್ದರು. ಪತ್ರಿಕೋದ್ಯಮದ ತರಗತಿಗಳಲ್ಲಿ ಫೀಸು ತೆಗೆದುಕೊಂಡು ಕಲಿಸುವುದೂ ಬಹುಮಟ್ಟಿಗೆ ಇದನ್ನೇ.

ಹಾಗಾದರೆ ಇಂಥ ಮಕ್ಕಳು ಬರವಣಿಗೆಯನ್ನೇ ಕಸುಬು ಮಾಡಿಕೊಳ್ಳುವುದು ಹೇಗೆ? ಪ್ರತಿಭೆ ಇದೆಯೋ ಇಲ್ಲವೋ ಎಂಬ ಚರ್ಚೆ ನನಗೆ ಬೇಸರ. ಆ ಪ್ರತಿಭೆಗೆ ಹೊತ್ತುಹೊತ್ತಿಗೆ ಊಟ ಹಾಕಿದವರು ಯಾರು ಎಂದು ಕೇಳುತ್ತ ಹೋದರೆ ಈ ಭಾಗದ ಬರಹಗಾರರ ಚರಿತ್ರೆ ಬೇರೆಯಾಗಿಯೇ ಕಾಣಿಸುತ್ತದೆ.

ಮೊದಲು ನೆಲದ ಮಾತು. ಕಲಬುರಗಿ ಸೀಮೆಯ ಕರಿಮಣ್ಣಿನಲ್ಲಿ ತೊಗರಿಯೇ ದೊಡ್ಡ ಬೆಳೆ. ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಆದರೆ ಮಳೆ ನಂಬಿದ ಹೊಲದಲ್ಲಿ ಮುಂಗಾರಿಗೆ ಬಿತ್ತಿದ ತೊಗರಿ ಕೊಯ್ದ ಮೇಲೆ ಕೈಗೆ ಕೆಲಸವಿಲ್ಲ. ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗೆ ಭೀಮಾ ನದಿ ಇದೆ. ಹವಳಗಾ, ಭೂಸನೂರು, ಮಳ್ಳಿಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಆದರೂ ಗುಳೆ ನಿಂತಿಲ್ಲ. ಬೀಡ್ ಕಡೆಯ ಟೋಳಿಗಳು ಕಬ್ಬು ಕಡಿಯಲು ಉತ್ತರ ಕರ್ನಾಟಕಕ್ಕೆ ಬರುತ್ತವೆ, ನಮ್ಮ ತಾಂಡಾದವರು ಕೂಲಿಯವರನ್ನು ಕೂಡಿಸುವ ಮುಕಾದಮನಿಂದ ಮುಂಗಡ ಹಿಡಿದು ಮಹಾರಾಷ್ಟ್ರಕ್ಕೆ ಹೋಗುತ್ತಾರೆ. ಈ ಅದಲುಬದಲಿನ ಅರ್ಥಶಾಸ್ತ್ರ ಗೊತ್ತಾಗಬೇಕಾದರೆ ಮುಂಗಡದ ಲೆಕ್ಕದ ವಹಿ ಯಾರ ಕೈಯಲ್ಲಿದೆ ಎಂದು ನೋಡಬೇಕು. ದೂರ ಹೋಗುವವರಿಗೆ ರೈಲು. ಮುಂಬೈಯಿಂದ ಹೊರಟ ಹಳಿ 1871ರಲ್ಲಿ ರಾಯಚೂರು ಮುಟ್ಟಿದಾಗಿನಿಂದ ದುಧನಿ, ಗಾಣಗಾಪುರ ರೋಡ್, ಸಾವಳಗಿ, ಕಲಬುರಗಿ ಎಂಬ ಈ ನಿಲ್ದಾಣಗಳ ಸಾಲು ಕೂಲಿಯ ದಾರಿಯೂ ಆಗಿದೆ.

ಆ ಸಾಲಿನ ಸಾವಳಗಿಯಲ್ಲೇ 1942ರ ಮಾರ್ಚ್ 25ರಂದು ಕಾದಂಬರಿಕಾರ್ತಿ ಗೀತಾ ನಾಗಭೂಷಣ ಹುಟ್ಟಿದರು. ತಂದೆ ಶಾಂತಪ್ಪ ಕಲಬುರಗಿಯ ಎಂಎಸ್‌ಕೆ ಮಿಲ್ಲಿನ ಕಾರ್ಮಿಕ, ತಾಯಿಗೆ ಓದು ಬರಹ ಇರಲಿಲ್ಲ. ಮಹಬೂಬ ಶಾಹಿ ಎಂಬ ನಿಜಾಮರ ಕಾಲದ ಹೆಸರು ಹೊತ್ತ ಆ ಬಟ್ಟೆ ಗಿರಣಿ ಈಗ ಮುಚ್ಚಿಹೋಗಿ ಬಡಾವಣೆಯೊಂದರ ಹೆಸರಾಗಿ ಉಳಿದಿದೆ. ಹಳ್ಳಿಯ ದುಡಿಮೆ ಬಿಟ್ಟು ಗಿರಣಿಯ ಭೋಂಗಾ ಕೇಳಿ ಏಳುವ ಜೀವನಕ್ಕೆ ಬಂದ ಕುಟುಂಬಗಳ ಮೊದಲ ತಲೆಮಾರಿನ ಓದು ಅವರದು. ಇಸವಿಯನ್ನು ಗಮನಿಸಬೇಕು. ಹೈದರಾಬಾದ್ ಸಂಸ್ಥಾನ 1948ರ ಸೆಪ್ಟೆಂಬರ್ 17ರಂದು ಭಾರತಕ್ಕೆ ಸೇರಿದಾಗ ಆಕೆಗೆ ಆರು ವರ್ಷ, ಶಾಲೆಗೆ ಹೋಗುವ ವಯಸ್ಸು. ಅಲ್ಲಿಯವರೆಗೆ ಸರ್ಕಾರದ ಭಾಷೆ ಉರ್ದು, ಕಚೇರಿಯ ಕೆಲಸ ಬೇಕೆಂದವರಿಗೆ ಉರ್ದು ಬರಲೇಬೇಕಿತ್ತು. ಹತ್ತು ವರ್ಷ ಮೊದಲು ಹುಟ್ಟಿದ್ದರೆ ಗಿರಣಿ ಕೂಲಿಯ ಮಗಳಿಗೆ ಕನ್ನಡದಲ್ಲಿ ಓದಿ ಸಂಬಳದ ಕೆಲಸ ಹಿಡಿಯುವ ದಾರಿಯೇ ಇರುತ್ತಿರಲಿಲ್ಲ.

ಅವರು ಹಿಡಿದದ್ದು ಆ ದಾರಿಯನ್ನೇ. ಮೊದಲು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಕೆಲಸ ಮಾಡುತ್ತಲೇ ಬಿ.ಎ., ಬಿ.ಎಡ್., ಎಂ.ಎ. ಆಮೇಲೆ ಶಿಕ್ಷಕಿ, ಉಪನ್ಯಾಸಕಿ, ಪ್ರಾಂಶುಪಾಲೆ. ಮೊದಲ ಕಾದಂಬರಿ ‘ತಾವರೆಯ ಹೂವು’ 1968ರಲ್ಲಿ ಬಂತು. ಮುಂದೆ ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳು ಬಂದವು. ‘ಹಸಿಮಾಂಸ ಮತ್ತು ಹದ್ದುಗಳು’ ಕತೆ ‘ಹೆಣ್ಣಿನ ಕೂಗು’ ಎಂಬ ಸಿನಿಮಾ ಆಯಿತು. 2004ರಲ್ಲಿ ‘ಬದುಕು’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ, ಕನ್ನಡಕ್ಕೆ ಆ ಪ್ರಶಸ್ತಿ ತಂದ ಮೊದಲ ಹೆಣ್ಣು ಎಂಬ ಮಾತು ಅವರ ಹೆಸರಿನ ಹಿಂದೆ ಸೇರಿತು. 2010ರಲ್ಲಿ ಗದಗಿನ 76ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷೆಯಾದರು. 2020ರ ಜೂನ್ 28ರಂದು ಕಲಬುರಗಿಯಲ್ಲೇ ತೀರಿಕೊಂಡರು.

ಸನ್ಮಾನಗಳ ಪಟ್ಟಿ ಓದುವಾಗ ನಾವು ದಾಟಿಹೋಗುವ ಒಂದು ಸಂಗತಿ ಇದೆ. ಮೊದಲ ಕಾದಂಬರಿಗೂ ದೊಡ್ಡ ಪ್ರಶಸ್ತಿಗೂ ನಡುವೆ ಮೂವತ್ತಾರು ವರ್ಷ. ಅಷ್ಟೂ ವರ್ಷ ಒಲೆ ಉರಿಸಿದ್ದು ಕಾದಂಬರಿಯ ಗೌರವಧನವಲ್ಲ, ತಿಂಗಳ ಪಗಾರ. ಕಲಬುರಗಿಯ ಆಡುಮಾತಿನಲ್ಲಿ, ಹೊಲಗೇರಿ, ತಳವಾರ ಓಣಿ, ಜೋಗತಿಯರ ಗುಡಿಸಿಲುಗಳ ಕತೆಯನ್ನು ಯಾರ ಮುಲಾಜೂ ಇಲ್ಲದೆ ಬರೆಯಲು ಆಕೆಗೆ ಧೈರ್ಯ ಕೊಟ್ಟದ್ದರಲ್ಲಿ ಆ ಪಗಾರದ ಪಾಲೂ ಇದೆ ಎಂದು ನನಗನ್ನಿಸುತ್ತದೆ. ಪ್ರಕಾಶಕರು ಬೇಡವೆಂದರೂ ಮನೆಗೆ ಅಕ್ಕಿ ಬರುವುದು ನಿಲ್ಲುವುದಿಲ್ಲ ಎಂಬ ನೆಮ್ಮದಿ ಸಣ್ಣದಲ್ಲ.

ಗಡಿಯ ಆಚೆಗೂ ಇದೇ ಕತೆ. ಆಳಂದ, ಅಫಜಲಪುರಗಳಿಗೆ ತಾಗಿಕೊಂಡೇ ಇರುವ ಅಕ್ಕಲಕೋಟೆ ತಾಲ್ಲೂಕಿನ ಹನ್ನೂರಿನಲ್ಲಿ 1956ರಲ್ಲಿ ಮರಾಠಿಯ ದಲಿತ ಲೇಖಕ ಶರಣಕುಮಾರ ಲಿಂಬಾಳೆ ಹುಟ್ಟಿದರು. ತಾಯಿ ಕೂಲಿ. ಅಜ್ಜಿಯ ಜೊತೆ ಬಾಳಿದ, ಇವರಿಗೆ ಅಜ್ಜನಂತಿದ್ದ ಮುಸಲ್ಮಾನ ಹಿರಿಯ ಬಸ್ ನಿಲ್ದಾಣದಲ್ಲಿ ಹಮಾಲ. ಓದು ಮುಗಿಸಿದ ಲಿಂಬಾಳೆಗೆ ಸಿಕ್ಕಿದ ಮೊದಲ ಭದ್ರ ಕೆಲಸ ಟೆಲಿಫೋನ್ ಆಪರೇಟರದು. ಊರಲ್ಲಿ ಯಾರ ಮನೆಯ ಹೊಸ್ತಿಲೂ ದಾಟಲಾಗದ ಹುಡುಗ ಊರವರ ಮಾತನ್ನೆಲ್ಲ ಒಂದು ತಂತಿಯಿಂದ ಇನ್ನೊಂದಕ್ಕೆ ಜೋಡಿಸುವ ಕುರ್ಚಿಯಲ್ಲಿ ಕೂತ. 1984ರಲ್ಲಿ ಆತ್ಮಕಥೆ ‘ಅಕ್ಕರಮಾಶಿ’ ಬಂದಾಗ ಅವರಿಗೆ ಮೂವತ್ತು ತುಂಬಿರಲಿಲ್ಲ. ಮುಂದೆ ನಾಸಿಕದ ಯಶವಂತರಾವ್ ಚವ್ಹಾಣ ಮುಕ್ತ ವಿಶ್ವವಿದ್ಯಾಲಯದಲ್ಲಿ ಕೆಲಸ. ‘ಸನಾತನ’ ಕಾದಂಬರಿಗೆ 2020ರ ಸರಸ್ವತಿ ಸಮ್ಮಾನ್. ಗಡಿ ವಿವಾದ ಕುರಿತ 1967ರ ಮಹಾಜನ ವರದಿ ಅಕ್ಕಲಕೋಟೆಯನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಹೇಳಿತ್ತು. ಅದು ಜಾರಿಯಾಗಲಿಲ್ಲ, ಆದರೂ ಅವರು ಬಿಡಿಸಿದ ಬಡತನ ಗಡಿಯ ಈಚೆಯವರಿಗೆ ಗುರುತು ಸಿಗದ್ದೇನಲ್ಲ.

ಮುಂಬೈಯ ಗಿರಣಗಾಂವಕ್ಕೆ ಹೋದರೆ ನಾರಾಯಣ ಸುರ್ವೆ ಸಿಗುತ್ತಾರೆ. ಬೀದಿಯಲ್ಲಿ ಸಿಕ್ಕ ಕೂಸನ್ನು ಗಿರಣಿ ಕಾರ್ಮಿಕನೊಬ್ಬ ಎತ್ತಿ ಸಾಕಿದ. ಬೆಳೆದು ಗಿರಣಿಯಲ್ಲಿ ದುಡಿದು, ಜವಾನನಾಗಿ, ಕೊನೆಗೆ ಪಾಲಿಕೆ ಶಾಲೆಯ ಮಾಸ್ತರನಾದ ಮೇಲೆ ಮರಾಠಿಯ ದೊಡ್ಡ ಕವಿಯಾಗಿ ನಿಂತ. ಸಂಬಳದ ಆಸರೆ ಸಿಗದವರ ಗತಿಯೂ ಅದೇ ಮುಂಬೈಯಲ್ಲಿ ಇದೆ. ವಾಟೇಗಾಂವದಿಂದ ಅಪ್ಪನ ಜೊತೆ ನಡೆದುಕೊಂಡೇ ಮುಂಬೈಗೆ ಬಂದ ಅಣ್ಣಾಭಾವು ಸಾಠೆ ‘ಫಕೀರಾ’ ಬರೆದರು, ಲಾವಣಿ, ಪೋವಾಡಗಳಿಂದ ಊರನ್ನೇ ಅಲ್ಲಾಡಿಸಿದರು, ಸೋವಿಯತ್ ಒಕ್ಕೂಟಕ್ಕೂ ಹೋಗಿ ಬಂದರು; 1969ರಲ್ಲಿ ಬಡತನದಲ್ಲೇ ಕಣ್ಣು ಮುಚ್ಚಿದರು. ಇವತ್ತು ಅವರ ಪ್ರತಿಮೆಗಳಿಗೆ ಲೆಕ್ಕವಿಲ್ಲ.

ನಮ್ಮ ಕಡೆ ಮಾಗಡಿಯ ಹಳ್ಳಿಯಿಂದ ಕೂಲಿ ಕುಟುಂಬದ ಜೊತೆ ಬೆಂಗಳೂರಿನ ಶ್ರೀರಾಮಪುರದ ಕೊಳೆಗೇರಿಗೆ ಬಂದ ಸಿದ್ಧಲಿಂಗಯ್ಯ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ, ಚಿತ್ತಾಪುರ ತಾಲ್ಲೂಕಿನ ಶಂಕರವಾಡಿಯ ಚೆನ್ನಣ್ಣ ವಾಲೀಕಾರ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾಗಿದ್ದರು. ಫ್ರಾನ್ಸಿನಲ್ಲಿ ಕಾರ್ಖಾನೆ ಕೆಲಸದಿಂದ ಕಿರಾಣಿ ಅಂಗಡಿಗೆ ಬಂದ ದಂಪತಿಯ ಮಗಳು ಆನಿ ಎರ್ನೋ 2022ರಲ್ಲಿ ನೊಬೆಲ್ ಪಡೆದರು. ಅವರೂ ಬದುಕಿದ್ದು ಶಿಕ್ಷಕಿಯ ಸಂಬಳದಲ್ಲಿ, ಅದೂ ಲಿಂಬಾಳೆಯವರ ಹಾಗೆ ದೂರಶಿಕ್ಷಣ ಸಂಸ್ಥೆಯೊಂದರಲ್ಲಿ. ಒಟ್ಟಿನಲ್ಲಿ ದುಡಿಯುವ ವರ್ಗದ ಸಾಹಿತ್ಯ ಎಂದು ನಾವು ಕೊಂಡಾಡುವ ಹೊಲದ ಬದುವಿಗೆ ಕಲ್ಲು ಕಟ್ಟಿದ್ದು ಸರ್ಕಾರದ ಪಗಾರಪಟ್ಟಿ.

ಆ ಬದು ಈಗ ಒಡೆದಿದೆ. ಗುಮಾಸ್ತರ, ಶಿಕ್ಷಕರ ಹುದ್ದೆಗಳು ವರ್ಷಗಟ್ಟಲೆ ಖಾಲಿ. ಕಾಲೇಜುಗಳು ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತವೆ, ಅವರ ಗೌರವಧನ ಯಾವಾಗ ಬರುತ್ತದೆಂದು ಅವರಿಗೇ ಗೊತ್ತಿರುವುದಿಲ್ಲ. ಸಂವಿಧಾನದ 371(ಜೆ) ವಿಧಿಯ ಮೀಸಲು 2013ರಿಂದ ಈ ಭಾಗದವರಿಗೆ ಕೆಲಸದ ಬಾಗಿಲು ತೆರೆಯಿತು ನಿಜ. ಆದರೆ ಬಾಗಿಲವರೆಗೆ ಬರಲು ಹತ್ತನೇ ಇಯತ್ತೆ ದಾಟಬೇಕಲ್ಲ? 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕೊನೆ. ಪಾಸಾದವರು ನೂರಕ್ಕೆ 42ರ ಆಸುಪಾಸು. ಗುಳೆ ಹೋಗುವವರ ಮಕ್ಕಳಿಗೆಂದು ಋತುಮಾನ ವಸತಿ ವ್ಯವಸ್ಥೆ ಇದೆ. ಅದು ತೆರೆಯುವ ಹೊತ್ತಿಗೆ ಮಕ್ಕಳನ್ನು ಹೊತ್ತ ಟ್ರ್ಯಾಕ್ಟರು ಹೊರಟುಹೋಗಿರುವ ವರ್ಷಗಳೂ ಉಂಟು.

ಹೀಗಾಗಿ ಈ ತಲೆಮಾರು ಮೊದಲ ಬಾರಿಗೆ ಬರವಣಿಗೆ ಮತ್ತು ಸಂವಹನವನ್ನೇ ಹೊಟ್ಟೆಪಾಡು ಮಾಡಿಕೊಳ್ಳಲು ನೋಡುತ್ತಿದೆ. ವಿಚಿತ್ರವೆಂದರೆ ಈ ಜಿಲ್ಲೆಗೆ ಮಾಧ್ಯಮ ಹೊಸದಲ್ಲ. ಆಕಾಶವಾಣಿ 1966ರಲ್ಲೇ ಬಂತು. 1975ರ ಆಗಸ್ಟಿನಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ ‘ಸೈಟ್’ ಪ್ರಯೋಗ ಶುರುವಾದಾಗ ಕರ್ನಾಟಕದಲ್ಲಿ ಆರಿಸಿದ್ದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳನ್ನು. ರಾಜ್ಯದ ಮೊದಲ ದೂರದರ್ಶನ ಕೇಂದ್ರ 1977ರ ಸೆಪ್ಟೆಂಬರಿನಲ್ಲಿ ಕಲಬುರಗಿಯಲ್ಲಿ ಆಯಿತು. ಬೆಂಗಳೂರು ಅದಕ್ಕಾಗಿ 1981ರವರೆಗೆ ಕಾಯಬೇಕಾಯಿತು. ಅಂದರೆ ಬೆಂಗಳೂರಿನ ಮಂದಿ ಟಿವಿ ನೋಡುವ ಮೊದಲೇ ಇಲ್ಲಿಯ ಹಳ್ಳಿಯ ಶಾಲೆ, ಪಂಚಾಯ್ತಿ ಕಟ್ಟೆಗಳ ಮುಂದೆ ಜನ ಕೂತು ನೋಡಿದ್ದಾರೆ. ಆದರೆ ‘ಸೈಟ್’ ನಡೆದ ಆ ಒಂದು ವರ್ಷ ಅವರು ನೋಡಿದ ಕನ್ನಡ ಕಾರ್ಯಕ್ರಮ ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ನೋಡುವವರು ಇಲ್ಲಿ, ಮಾಡುವವರು ಬೇರೆಲ್ಲೋ ಎಂಬ ಆ ಏರ್ಪಾಡು ಇವತ್ತಿಗೂ ಪೂರ್ತಿ ತಪ್ಪಿಲ್ಲ. 2009ರಲ್ಲಿ ಶುರುವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇದೆ. ದೇಶದ ನಾನಾ ಕಡೆಯ ಮಕ್ಕಳು ಅಲ್ಲಿ ಓದುತ್ತಾರೆ. ಅದೇ ರಸ್ತೆಯಲ್ಲಿ ಹಾಯುವ ಬಸ್ಸುಗಳಲ್ಲಿ ಆಳಂದದ ಮಕ್ಕಳು ಅಪ್ಪ ಕೂಲಿಗೆ ನಿಲ್ಲುವ ನಾಕಾದ ಕಡೆಗೆ ಹೋಗುತ್ತಿರುತ್ತಾರೆ.

ಓದಿ ಉಳಿದವರಿಗೆ ಏನು ಕೆಲಸ? ಹತ್ತಿರದ್ದು ತಾಲ್ಲೂಕು ವರದಿಗಾರಿಕೆ. ಹೆಸರಿಗೆ ಗತ್ತಿದೆ, ತಹಶೀಲ್ದಾರರ ಕಚೇರಿಯಲ್ಲಿ ಕುರ್ಚಿ ಸಿಗುತ್ತದೆ. ಸಂಭಾವನೆ ಮಾತ್ರ ಎಷ್ಟೋ ಕಡೆ ಪೆಟ್ರೋಲಿಗೂ ಸಾಲದು. ಆ ಕೊರತೆ ತುಂಬುವುದು ಜಾಹೀರಾತಿನ ಕಮಿಷನ್. ಸ್ವಾತಂತ್ರ್ಯ ದಿನ, ದೀಪಾವಳಿ, ನಾಯಕರ ಹುಟ್ಟುಹಬ್ಬಗಳಿಗೆ ಶುಭಾಶಯದ ಜಾಹೀರಾತು ತರಬೇಕು. ಯಾರ ಹತ್ತಿರ? ಗುತ್ತಿಗೆದಾರರ ಹತ್ತಿರ, ಪುಢಾರಿಗಳ ಹತ್ತಿರ. ಕೂಲಿಯ ಮಗ ತನ್ನ ಅಪ್ಪನಂಥವರ ಬಾಕಿ ಪಗಾರದ ಸುದ್ದಿ ಬರೆಯಬೇಕಾದದ್ದು ಇಂಥವರ ಬಗ್ಗೆಯೇ ಆಗಿರುತ್ತದೆ. ಸುದ್ದಿ ಬರೆದರೆ ಜಾಹೀರಾತು ಹೋಯಿತು. ಮನೆಯಲ್ಲಿ ಹೊಲ, ಮಳಿಗೆ ಇರುವ ವರದಿಗಾರ ಈ ಗಂಡಾಂತರ ಎದುರಿಸಬಲ್ಲ, ಇವನಿಗೆ ಕಷ್ಟ. ಪತ್ರಿಕಾ ಧರ್ಮದ ಭಾಷಣ ಮಾಡುವವರು ಈ ಲೆಕ್ಕವನ್ನೊಮ್ಮೆ ಕೂಡಿಸಿ ಕಳೆದು ನೋಡಬೇಕು.

ಆಕಾಶವಾಣಿಯಲ್ಲಿ ಸಾಂದರ್ಭಿಕ ಉದ್ಘೋಷಕರ ಕೆಲಸವಿದೆ. ಡ್ಯೂಟಿ ಇದ್ದ ದಿನ ಮಾತ್ರ ದುಡ್ಡು. ಬೆಂಗಳೂರಿಗೆ ಹೋದರೆ ಜಾಹೀರಾತು ಕಂಪನಿಗಳ ಅನುವಾದ, ಸಿನಿಮಾಗಳ ಸಬ್‌ಟೈಟಲ್, ರಾಜಕಾರಣಿಗಳ ಫೇಸ್‌ಬುಕ್ ಪುಟ ನೋಡಿಕೊಳ್ಳುವ ಕೆಲಸ. ಶಬ್ದಕ್ಕಿಷ್ಟು ಎಂಬ ದರ. ಇನ್ನೊಂದು ಬಗೆ ಸ್ವಯಂಸೇವಾ ಸಂಸ್ಥೆಗಳ ವರದಿ ಬರೆಯುವುದು. ಗುಳೆ ಹೋದ ಕುಟುಂಬವೊಂದರ ‘ಕೇಸ್ ಸ್ಟಡಿ’ಯನ್ನು ಇಂಗ್ಲಿಷಿನಲ್ಲಿ ಬರೆದುಕೊಡಬೇಕು, ಕೊನೆಗೆ ಒಂದು ಆಶಾದಾಯಕ ಸಾಲು ಇರಬೇಕು. ತನ್ನ ಮನೆಯ ಕತೆಯನ್ನೇ ಬೇರೆಯವರ ಹೆಸರಿನಲ್ಲಿ ಬರೆದು, ಅದು ಸಾಕಷ್ಟು ಮನಮುಟ್ಟುವಂತಿಲ್ಲ ಎಂದು ವಾಪಸು ಬಂದರೆ ತಿದ್ದಿ ಕಳಿಸಬೇಕಾದ ಪರಿಸ್ಥಿತಿ ಎಂಥದೆಂದು ಊಹಿಸಿಕೊಳ್ಳಿ.

ಇನ್ನು ಯೂಟ್ಯೂಬ್. ಇಲ್ಲಿ ಒಂದು ಸೋಜಿಗ ನಡೆದಿದೆ. ಶಾಲೆಯಲ್ಲಿ ಮಾಸ್ತರರು ತಿದ್ದಿದ, ಬೆಂಗಳೂರಿನ ಸಂದರ್ಶನಗಳಲ್ಲಿ ನಕ್ಕ, ಧಾರವಾಡದವರೂ ಸ್ವಲ್ಪ ಒರಟು ಎನ್ನುವ ಈ ಸೀಮೆಯ ಮಾತಿಗೆ ಅಲ್ಲಿ ಮಾರುಕಟ್ಟೆ ಇದೆ. ಉತ್ತರ ಕರ್ನಾಟಕದ ಕಾಮಿಡಿ ವಿಡಿಯೊಗಳನ್ನು ಲಕ್ಷಗಟ್ಟಲೆ ಜನ ನೋಡುತ್ತಾರೆ. ಜಾನಪದ ಎಂಬ ಹೆಸರಿನ ಡಿಜೆ ಹಾಡುಗಳಿಗೆ, ಲಂಬಾಣಿ ಹಾಡುಗಳಿಗೆ ಸಾಹಿತ್ಯ ಬರೆಯುವವರು ತಾಂಡಾ ತಾಂಡಾಗಳಲ್ಲಿ ಹುಟ್ಟಿಕೊಂಡಿದ್ದಾರೆ. ನನಗೆ ಈ ಹಾಡುಗಳೆಲ್ಲ ಹಿಡಿಸುವುದಿಲ್ಲ, ಆದರೆ ತಮ್ಮ ಮಾತಿನಲ್ಲಿ ಪದ ಕಟ್ಟಿ ಯಾರ ಶಿಫಾರಸೂ ಇಲ್ಲದೆ ದುಡ್ಡು ನೋಡಿದ ಕೂಲಿಕಾರರ ಮಕ್ಕಳು ಇವರು ಎಂಬುದನ್ನು ಒಪ್ಪಬೇಕು. ಹಾಗೆ ನೋಡಿದರೆ ಪದ ಕಟ್ಟುವುದು ಇಲ್ಲಿ ಹಳೆಯ ಕಸುಬು. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು, ಮೊಹರಮ್ಮಿನ ರಿವಾಯತ್‌ಗಳನ್ನು ಇಷ್ಟು ಕಾಲ ಬಾಯಲ್ಲಿ ಉಳಿಸಿಕೊಂಡು ಬಂದವರು ಹೊಲದಲ್ಲಿ ದುಡಿಯುವ ಜನವೇ.

ನನ್ನ ತಕರಾರು ಬೇರೆ. ಈ ಮಾತು ನಗಿಸಿದರೆ ಕಾಸು ಬರುತ್ತದೆ, ಸಿಟ್ಟಾದರೆ, ಅತ್ತರೆ ಬರುವುದಿಲ್ಲ. ಗೀತಾ ನಾಗಭೂಷಣ ಇದೇ ಮಾತಿನಲ್ಲಿ ಸಿಟ್ಟು, ಸಂಕಟ, ಹಸಿವು, ಹಾದರ ಎಲ್ಲವನ್ನೂ ಹೇಳಿದರು. ನಾಡಿನ ಓದುಗ ಅದನ್ನು ಕಷ್ಟಪಟ್ಟಾದರೂ ಓದುವಂತೆ ಮಾಡಿದರು. ಅವರಿಗೆ ಅದಕ್ಕೆ ಮೂವತ್ತಾರು ವರ್ಷದ ವ್ಯವಧಾನ ಇತ್ತು. ತಿಂಗಳ ಕೊನೆಗೆ ವ್ಯೂಸ್ ಎಣಿಸಬೇಕಾದ ಹುಡುಗನಿಗೆ ಆ ವ್ಯವಧಾನ ಕೊಡುವವರು ಯಾರು?

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿಸುತ್ತ ಬಂದಿದ್ದಾರೆ. ಅದರಲ್ಲಿ ರಸ್ತೆ, ಕಟ್ಟಡ, ಶಾಲಾ ಕೋಣೆ ಎಲ್ಲ ಆಗುತ್ತದೆ, ಆಗಲಿ. ನನ್ನದೊಂದು ಸಣ್ಣ ಲೆಕ್ಕವಿದೆ. ಈ ಮೂರು ತಾಲ್ಲೂಕುಗಳ ಗುಳೆ ಕುಟುಂಬಗಳಿಂದ ಹತ್ತು ಮಂದಿ ಯುವಕ ಯುವತಿಯರನ್ನು ಆರಿಸಿ, ತಿಂಗಳಿಗೆ 20,000 ರೂಪಾಯಿಯಂತೆ ಎರಡು ವರ್ಷ ಕೊಟ್ಟರೆ ಆಗುವ ಖರ್ಚು 48 ಲಕ್ಷ. ಅವರು ಪುಣೆಯ ನಾಕಾಗಳಲ್ಲಿ, ಸೊಲ್ಲಾಪುರದ ಕಬ್ಬಿನ ಫಡಗಳಲ್ಲಿ, ಹೈದರಾಬಾದಿನ ಕಟ್ಟಡಗಳ ಅಡಿಯ ತಗಡಿನ ಶೆಡ್ಡುಗಳಲ್ಲಿ ತಮ್ಮವರ ಜೊತೆಗಿದ್ದು ಬರೆಯಲಿ, ರೆಕಾರ್ಡ್ ಮಾಡಲಿ. ಜಿಲ್ಲೆಯ ಪತ್ರಿಕೆಗಳು ಅದನ್ನು ಅಚ್ಚು ಹಾಕಲಿ, ಆಕಾಶವಾಣಿ ಪ್ರಸಾರ ಮಾಡಲಿ. ಬರೆದದ್ದನ್ನು ಅಚ್ಚುಕಟ್ಟು ಕನ್ನಡಕ್ಕೆ ತಿದ್ದುವ ಸಂಪಾದಕರನ್ನು ಮಾತ್ರ ಈ ಯೋಜನೆಯಿಂದ ದೂರ ಇಡಬೇಕು, ಆಯ್ಕೆ ಸಮಿತಿಯಲ್ಲಿ ಗುಳೆ ಹೋಗಿ ಬಂದ ಇಬ್ಬರು ಹೆಣ್ಣುಮಕ್ಕಳಾದರೂ ಇರಬೇಕು.